‘ಇದು ನಮ್ಮೂರಿನ ಕೇಸಲ್ಲ’ ಅಂದ ಸರ್‌ಗೆ ಏನು ಹೇಳಲಿ?

ಪ್ರಶ್ನೆ: ಅಕ್ಕಾ, ನಾನು ಕೊಪ್ಪಳದ ಕಡೆಯವನು. ಮೂರು ವರ್ಷದ ಎಲ್‌ಎಲ್‌ಬಿಯಲ್ಲಿ ಎರಡನೇ ವರ್ಷ. ನಾನು ಗೇ, ಒಬ್ಬ ಗೆಳೆಯನಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಹೋದ ತಿಂಗಳು ಕ್ಲಾಸಿನಲ್ಲಿ ಸೆಕ್ಷನ್ 377ರ ತೀರ್ಪು ಬಂತು, ಇಬ್ಬರು ವಯಸ್ಕರ ಒಪ್ಪಿತ ಸಲಿಂಗ ಸಂಬಂಧ ಅಪರಾಧ ಅಲ್ಲ ಅಂದ ಸುಪ್ರೀಂ ಕೋರ್ಟ್ ತೀರ್ಪು. ಸರ್ ಎರಡೇ ನಿಮಿಷದಲ್ಲಿ ಮುಗಿಸಿ, "ಇದೆಲ್ಲ ದೊಡ್ಡ ಸಿಟಿಯವರ ಕೇಸು, ನಮ್ಮೂರಿಗೆ ಸಂಬಂಧ ಇಲ್ಲ, ಪರೀಕ್ಷೆಗೆ ಓದ್ಕೊಳ್ಳಿ ಸಾಕು" ಅಂದರು. ಕ್ಲಾಸೆಲ್ಲ ನಕ್ಕಿತು. ನಾನೂ ನಕ್ಕೆ. ಈಗ ನನ್ನ ನಡಿಗೆ ನೋಡಿ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಅಡ್ಡಹೆಸರು ಇಟ್ಟಿದ್ದಾರೆ. ಕಾಲೇಜಿನಲ್ಲಿ ನಮ್ಮಂಥವರದೊಂದು ಗುಂಪು ಕಟ್ಟೋ ಆಸೆ ಇದೆ, ಆದರೆ ಸುದ್ದಿ ಅಪ್ಪನ ಕಿವಿಗೆ ಬಿದ್ದರೆ ಓದು ಬಿಡಿಸ್ತಾರೆ.
– ಹೆಸರು ಬೇಡ

ಉತ್ತರ: ತಮ್ಮಾ, ನಮ್ಮೂರಿಗೆ ಸಂಬಂಧ ಇಲ್ಲವಂತಾ? ನಿಮ್ಮ ಸರ್ ನಿಮ್ಮ ಕೊಪ್ಪಳ ಜಿಲ್ಲೆಯದೇ ಹುಲಿಗಿ ಜಾತ್ರೆಗೆ ಹೋಗಿಲ್ಲ ಅಂತ ಕಾಣುತ್ತೆ. ಅಲ್ಲಿ ಗಂಡಾಗಿ ಹುಟ್ಟಿ, ದೇವಿಗೆ ಮುಡಿಪಾಗಿ ಸೀರೆ ಉಟ್ಟು ಬರುವ ಜೋಗಪ್ಪಂದಿರ ಕಾಲಿಗೆ ಬೀಳೋರು ನಮ್ಮ ಜನಾನೇ. ಪದ್ಮಶ್ರೀ ಪಡೆದ ಟ್ರಾನ್ಸ್‌ಜೆಂಡರ್ ಕಲಾವಿದೆ ಮಂಜಮ್ಮ ಜೋಗತಿ ಹುಟ್ಟಿದ್ದು ಬಳ್ಳಾರಿ ಜಿಲ್ಲೆಯಲ್ಲಿ. ನೀನು ಜೋಗಪ್ಪ ಅಲ್ಲ, ಅದೂ ಇದೂ ಒಂದೇ ಅಲ್ಲ, ಗೊತ್ತು. ಆದರೆ ಗಂಡು ಅಂದರೆ ಹೀಗೇ ಇರಬೇಕು ಅನ್ನೋ ಅಳತೆಗೆ ಸಿಗದವರು ಈ ಸೀಮೆಗೆ ಹೊಸಬರೇನಲ್ಲ.

ಗುಂಪಿನ ಮಾತು ಆಮೇಲೆ. ಮೊದಲು ಆ ಅಡ್ಡಹೆಸರು. ಅಡ್ಮಿಷನ್ ದಿನ ನೀನೂ ಅಪ್ಪನೂ ರ‍್ಯಾಗಿಂಗ್ ಮುಚ್ಚಳಿಕೆಗೆ ಸಹಿ ಹಾಕಿದ್ದು ನೆನಪಿದೆಯಾ? ಓದದೇ ಹಾಕಿರ್ತೀರಿ, ಎಲ್ಲರೂ ಹಾಗೇ. ಅದರ ಹಿಂದಿರೋದು ಯುಜಿಸಿಯ 2009ರ ನಿಯಮ. 2016ರಲ್ಲಿ ಅದಕ್ಕೊಂದು ತಿದ್ದುಪಡಿ ಬಂತು: ಲಿಂಗ, ಲೈಂಗಿಕ ಒಲವು, ರೂಪ ಇವನ್ನು ಹಿಡಿದು ಒಬ್ಬನನ್ನು ಹೀಯಾಳಿಸಿದರೂ ದೂರ ಇಟ್ಟರೂ ಅದು ರ‍್ಯಾಗಿಂಗೇ. ಟ್ರಾನ್ಸ್‌ಜೆಂಡರ್ ವಿದ್ಯಾರ್ಥಿಗಳ ಹೆಸರನ್ನೂ ಅದರಲ್ಲಿ ಸೇರಿಸಿದ್ದಾರೆ. ರೂಪ ಹಿಡಿದು ಹೀಯಾಳಿಸೋದೂ ಅದರಲ್ಲಿ ಇರೋದರಿಂದ ದೂರು ಕೊಡೋಕೆ ನೀನು ಗೇ ಅಂತ ಹೇಳ್ಕೊಳ್ಳೋದೇ ಬೇಕಿಲ್ಲ. "ನನ್ನ ನಡಿಗೆ ನೋಡಿ ಅಣಕಿಸ್ತಾರೆ" ಅಂತ ಬರೆದರೆ ಸಾಕು. ಗ್ರೂಪಿನ ಸ್ಕ್ರೀನ್‌ಶಾಟ್ ಇವತ್ತೇ ತೆಗೆದಿಡು, ನಾಳೆ ಡಿಲೀಟ್ ಮಾಡಿಬಿಡ್ತಾರೆ. ಕಾಲೇಜಿನ ಸಮಿತಿ ಮೇಲೆ ನಂಬಿಕೆ ಇಲ್ಲ ಅಂದರೆ ರ‍್ಯಾಗಿಂಗ್ ವಿರೋಧಿ ಸಹಾಯವಾಣಿ 1800-180-5522ಕ್ಕೆ ಫೋನ್ ಮಾಡು, ಹೆಸರು ಗುಟ್ಟಾಗಿಡಿ ಅಂತ ಮೊದಲೇ ಹೇಳು.

ಇನ್ನು ಗುಂಪು. ಹೈದರಾಬಾದಿನ ನಲ್ಸಾರ್ ಲಾ ಕಾಲೇಜಿನಲ್ಲಿ 2022ರಲ್ಲಿ ಹಾಸ್ಟೆಲಿನ ಒಂದು ಮಹಡಿಯನ್ನೇ ಇಂಥ ವಿದ್ಯಾರ್ಥಿಗಳಿಗೆ ಬಿಟ್ಟುಕೊಟ್ಟರು. ಅದನ್ನು ನೋಡಿ ನೀನು ನಾಳೆನೇ ಬೋರ್ಡ್ ಬರೆಸಬೇಡ. ಲಾ ಕಾಲೇಜು ಅಂದ ಮೇಲೆ ಉಚಿತ ಕಾನೂನು ನೆರವಿನ ಘಟಕ ಇದ್ದೇ ಇರುತ್ತೆ, ಬಹಳ ಕಡೆ ಒಂದು ಬೀರು, ಒಂದು ರಿಜಿಸ್ಟರ್ ಅಷ್ಟೇ. ಅದಕ್ಕೆ ಸೇರು. ಟ್ರಾನ್ಸ್‌ಜೆಂಡರ್ ಗುರುತಿನ ಪ್ರಮಾಣಪತ್ರಕ್ಕೆ ಜಿಲ್ಲಾಧಿಕಾರಿಗೆ ಅರ್ಜಿ ಹಾಕಬೇಕು, ಆ ಅರ್ಜಿ ತುಂಬಿಕೊಡೋ ಕ್ಯಾಂಪ್ ಹುಲಿಗಿಯಲ್ಲಿ ಮಾಡೋಣ ಅಂತ ಕೇಳು. ಟ್ರಾನ್ಸ್‌ಜೆಂಡರ್ ಗುರುತನ್ನು ಒಪ್ಪಿದ 2014ರ ನಾಲ್ಸಾ ತೀರ್ಪು, ನಿಮ್ಮ ಸರ್ ಎರಡೇ ನಿಮಿಷದಲ್ಲಿ ಮುಗಿಸಿದ 377ರ ಆ 2018ರ ನವತೇಜ್ ತೀರ್ಪು ಕೂತು ಓದಿ. ಇದರಲ್ಲಿ ಅಪ್ಪನಿಗೆ ಹೇಳೋಕೆ ಏನೂ ಇಲ್ಲ, ಮಗ ಕಾನೂನು ನೆರವು ಕೊಡ್ತಿದ್ದಾನೆ ಅಷ್ಟೇ. ಕ್ಯಾಂಪಿಗೆ ಯಾರು ನಗದೇ ಬರ್ತಾರೆ ನೋಡ್ತಾ ಇರು, ನಿನ್ನ ಗುಂಪು ಅವರೇ.

ಸರ್‌ಗೆ ಏನಾದರೂ ಹೇಳಲೇಬೇಕು ಅಂದರೆ ಒಂದೇ ಪ್ರಶ್ನೆ ಕೇಳು: "ಸರ್, 2024ರ ಜುಲೈ 1ರಿಂದ ಐಪಿಸಿ ಬದಲಿಗೆ ಬಂದ ನ್ಯಾಯ ಸಂಹಿತೆಯಲ್ಲಿ 377ಕ್ಕೆ ಬದಲಿ ಸೆಕ್ಷನ್ ಯಾವುದು?" ಇಲ್ಲವೇ ಇಲ್ಲ. ಹುಡುಕಲಿ ಬಿಡು.

ರಾತ್ರಿ ತೀರಾ ಸಂಕಟ ಆದರೆ 14416ಕ್ಕೆ ಫೋನ್ ಮಾಡು, ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್. ಕನ್ನಡದಲ್ಲೇ ಮಾತಾಡ್ತಾರೆ.

ಪ್ರಶ್ನೆ: ರಾಯಚೂರಿನಲ್ಲಿ ಓದ್ತಿದ್ದೀನಿ. ರೂಮ್‌ಮೇಟ್ ತಾನು ಗೇ ಅಂತ ನನಗೆ ಹೇಳಿದ. ಅವರ ಮನೆಯವರಿಗೆ ತಿಳಿಸಬೇಕಾ?

ಉತ್ತರ: ಬೇಡಪ್ಪಾ. ಅವನು ಹೇಳಿದ್ದು ನಿನಗೆ, ಅವರ ಮನೆಗಲ್ಲ. ನಿನ್ನೆ ಇಬ್ಬರೂ ಮಿರ್ಚಿ ಮಂಡಕ್ಕಿ ತಿನ್ನೋಕೆ ಹೋಗಿದ್ದರೆ ಇವತ್ತೂ ಹೋಗಿ.