ಹಳೇ ಸಿಂಗರ್ ಮಿಷನ್‌ಗೆ ಎಷ್ಟು ಕೊಟ್ಟರೆ ಸರಿ?

ಪ್ರಶ್ನೆ: ಮನೆಯಲ್ಲೇ ಬ್ಲೌಸ್ ಹೊಲಿಯಲು ಶುರು ಮಾಡಬೇಕು ಅಂತಿದ್ದೇನೆ. ಸಂಘದಲ್ಲಿ 15,000 ರೂಪಾಯಿ ಸಾಲ ಸಿಗುತ್ತದೆ. ಪಕ್ಕದ ಬೀದಿಯಲ್ಲಿ ಒಬ್ಬರ ಹತ್ತಿರ ಕಾಲಲ್ಲಿ ತುಳಿಯುವ ಹಳೇ ಸಿಂಗರ್ ಇದೆ. ಅದರ ಮೇಲೆ ನೀಲಿ ಅಂಚಿನ ಹಿತ್ತಾಳೆ ಬಿಲ್ಲೆ ಇದ್ದು, 1851 ಅಂತ ಕಾಣುತ್ತದೆ, ಉಳಿದ ಅಕ್ಷರ ಮಾಸಿದೆ. ‘ನೂರೆಪ್ಪತ್ತು ವರ್ಷದ್ದು, ಇಂಥದ್ದು ಇನ್ನು ಸಿಗಲ್ಲ’ ಅಂತ 14,000 ಕೇಳುತ್ತಿದ್ದಾರೆ. ಅಂಗಡಿಯಲ್ಲಿ ಹೊಸ ಕಪ್ಪು ಮಿಷನ್ ಸ್ಟ್ಯಾಂಡ್ ಸಮೇತ 8,500. ಹಳೆಯದರ ಚಕ್ರ ತುಂಬಾ ಬಿಗಿ, ಬೆಲ್ಟ್ ಹರಿದಿದೆ. ಅಡಿಯ ದಾರ ಸುತ್ತುವ ಬಾಬಿನ್ ದುಂಡು, ಎಡಗಡೆಯಿಂದ ಹಾಕುವುದು. ಎಲ್ಲರೂ ‘ಹಳೇದೇ ಗಟ್ಟಿ, ತಗೋ’ ಅಂತಾರೆ. ಏನು ಮಾಡಲಿ?
– ಓದುಗರು, ತಿಪಟೂರು

ಉತ್ತರ: 14,000 ಕೊಡಬೇಡಿ. ಮಿಷನ್ ಕೆಟ್ಟದ್ದು ಅಂತಲ್ಲ, ನೀವು ಬರೆದದ್ದು ನೋಡಿದರೆ ಒಳ್ಳೆಯದೇ ಇರಬಹುದು. ಆದರೆ ಅವರು ಕೇಳುತ್ತಿರುವುದು ವಯಸ್ಸಿನ ಬೆಲೆ, ಆ ವಯಸ್ಸೂ ತಪ್ಪು.

ನೀಲಿ ಅಂಚಿನ ಆ ಬಿಲ್ಲೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ನೋಡಿ, 1851ರ ಜೊತೆಗೆ 1951 ಅಂತಲೂ ಇರುತ್ತದೆ. ಸಿಂಗರ್ ಕಂಪನಿ ಶುರುವಾದದ್ದು 1851ರಲ್ಲಿ. ನೂರು ವರ್ಷ ತುಂಬಿದ ನೆನಪಿಗೆ ಆಗ ತಯಾರಾದ ಮಿಷನ್‌ಗಳಿಗೆ ಈ ಬಿಲ್ಲೆ ಹಾಕಿದರು. ಅಂದರೆ ನೀವು ನೋಡಿದ ಮಿಷನ್ 1951ರ ಆಸುಪಾಸಿನದ್ದು. ಇದು ಅಪರೂಪವೂ ಅಲ್ಲ. ನಮ್ಮ ಕಡೆ ಸಿಗುವ ಹಳೇ ಸಿಂಗರ್‌ಗಳಲ್ಲಿ ತುಂಬಾ ಮಟ್ಟಿಗೆ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆಯವು, ಮೊದಲ ಮಹಾಯುದ್ಧಕ್ಕೆ ಮುಂಚೆಯೇ ಅಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೂ ಜಾಸ್ತಿ ಮಿಷನ್ ಆಗುತ್ತಿದ್ದವು. ಅದು ಮುಚ್ಚಿದ್ದು 1980ರಲ್ಲಿ. ಇಷ್ಟೊಂದು ತಯಾರಾದ ವಸ್ತುವಿಗೆ ಹಳತಾಯಿತು ಅನ್ನುವ ಒಂದೇ ಕಾರಣಕ್ಕೆ ಬೆಲೆ ಬರುವುದಿಲ್ಲ. ವಯಸ್ಸು ಸರಿಯಾಗಿ ತಿಳಿಯಬೇಕಾದರೆ ಚಕ್ರದ ಕಡೆ, ಮಿಷನ್ನಿನ ಅಡಿಪಟ್ಟಿಯ ಮೇಲೆ ಒತ್ತಿ ಕೆತ್ತಿದ ನಂಬರ್ ನೋಡಿ. ಅದರ ಮುಂದೆ ಇಎಚ್, ಇಜೆ ಅಂತೆಲ್ಲ ‘ಇ’ಯಿಂದ ಶುರುವಾಗುವ ಎರಡು ಅಕ್ಷರವಿದ್ದರೆ ಅದು ಕ್ಲೈಡ್‌ಬ್ಯಾಂಕಿನದೇ. ನಂಬರೇ ಇಲ್ಲ, ಅಥವಾ ಉಜ್ಜಿ ಅಳಿಸಿದ್ದಾರೆ, ಬಣ್ಣ ಮತ್ತು ಚಿನ್ನದ ಹೂಬಳ್ಳಿ ಮಾತ್ರ ಫಳಫಳ ಅನ್ನುತ್ತಿದೆ ಅಂದರೆ ಹುಷಾರಾಗಿರಿ. ಬೇರೆ ಯಾವುದೋ ಮಿಷನ್‌ಗೆ ಬಣ್ಣ ಬಳಿದು ಸಿಂಗರ್ ಸ್ಟಿಕ್ಕರ್ ಅಂಟಿಸಿರಬಹುದು.

ಈಗ ನಿಮಗೆ ಅನುಕೂಲವಾದ ವಿಷಯ. ದುಂಡು ಬಾಬಿನ್, ಎಡತುದಿಯಿಂದ ಹಾಕುವುದು ಅಂದಿರಲ್ಲ, ಅದು ಸಿಂಗರ್ 15 ಅನ್ನುವ ಮಾಡೆಲ್‌ನ ಜಾತಿ. ನಮ್ಮ ದೇಶದ ಕಪ್ಪು ಮಿಷನ್‌ಗಳು, ಉಷಾ ಇರಲಿ, ಲುಧಿಯಾನದಲ್ಲಿ ಆಗುವವು ಇರಲಿ, ಹೆಚ್ಚಾಗಿ ಇದೇ ನಮೂನೆಯವು. ಹಾಗಾಗಿ ಬಾಬಿನ್, ಬಾಬಿನ್ ಕೇಸ್, ಸೂಜಿ ಎಲ್ಲ ನಿಮ್ಮೂರಿನ ಅಂಗಡಿಯಲ್ಲೇ ಸಿಗುತ್ತವೆ. ಅದೇ ಉದ್ದನೆಯ ಬಾಬಿನ್, ಅದನ್ನು ಹೊತ್ತು ಓಡುವ ಬುಲೆಟ್ ಆಕಾರದ ಶಟಲ್ ಇರುವ 28ರಂಥ ಹಳೇ ಮಾಡೆಲ್ ಆಗಿದ್ದರೆ ನಾನು ಬೇಡ ಅನ್ನುತ್ತಿದ್ದೆ. ಅವು ನೋಡಲು ಚೆಂದ, ಹೊಲಿಗೆಯೂ ಚೆಂದ, ಆದರೆ ಒಂದು ಶಟಲ್ ಹೋದರೆ ಹುಡುಕಿಕೊಂಡು ಊರೂರು ಅಲೆಯಬೇಕು, ಅಷ್ಟರಲ್ಲಿ ಹಬ್ಬದ ಬ್ಲೌಸ್ ಕೊಟ್ಟವರು ಬಾಗಿಲಿಗೆ ಬಂದಿರುತ್ತಾರೆ. ದುಡಿಯುವ ಮಿಷನ್‌ಗೆ ಪಾರ್ಟು ಸಿಗುವುದೇ ಅರ್ಧ ಬೆಲೆ ಅಂತ ನಾನು ಲೆಕ್ಕ ಹಾಕುತ್ತೇನೆ.

ಚಕ್ರ ಬಿಗಿ ಇದೆ ಅಂತ ಹೆದರಬೇಡಿ. ನಮ್ಮ ಮನೆಗಳಲ್ಲಿ ಮಿಷನ್ ಕಿರ್ ಅಂದ ಕೂಡಲೇ ಕೈಗೆ ಸಿಕ್ಕ ಕೊಬ್ಬರಿ ಎಣ್ಣೆ ಬಿಡುವುದು ರೂಢಿ. ಅದು ವರ್ಷಾನುಗಟ್ಟಲೆ ನಿಂತರೆ ಅಂಟಾಗಿ, ಆಮೇಲೆ ಗಟ್ಟಿಯಾಗಿ, ಎಲ್ಲ ಕೀಲುಗಳನ್ನೂ ಹಿಡಿದುಬಿಡುತ್ತದೆ. ಎಣ್ಣೆ ಬಿಡುವ ತೂತುಗಳಿಗೆಲ್ಲ ಒಂದೆರಡು ಹನಿ ಸೀಮೆಎಣ್ಣೆ ಬಿಟ್ಟು, ಒಂದು ರಾತ್ರಿ ಬಿಟ್ಟು, ಬೆಳಗ್ಗೆ ಚಕ್ರವನ್ನು ಕೈಯಲ್ಲೇ ನಿಧಾನ ನಿಮ್ಮ ಕಡೆಗೆ ತಿರುಗಿಸಿ. ಸಡಿಲವಾದರೆ ಒರೆಸಿ ಮಿಷನ್ ಎಣ್ಣೆಯನ್ನೇ ಹಾಕಿ. ಇದನ್ನು ಮಾರುವವರ ಮನೆಯಲ್ಲೇ, ಅವರ ಒಪ್ಪಿಗೆ ತಗೊಂಡು, ದುಡ್ಡು ಕೊಡುವ ಮುಂಚೆ ಮಾಡಿ. ಬಲವಂತವಾಗಿ ಮಾತ್ರ ತಿರುಗಿಸಬೇಡಿ.

ತಿರುಗಿತು ಅಂದ ಮೇಲೆ ನಿಜವಾದ ಪರೀಕ್ಷೆ ಶುರು. ಸೂಜಿ ಹಿಡಿದಿರುವ ಕಡ್ಡಿಯನ್ನು ಬೆರಳಲ್ಲಿ ಹಿಡಿದು ಅಕ್ಕಪಕ್ಕ ಅಲ್ಲಾಡಿಸಿ. ಚೂರೂ ಆಡಬಾರದು. ಆಡಿದರೆ ಸವೆದಿದೆ, ಅದಕ್ಕೆ ಸುಲಭದ ರಿಪೇರಿ ಇಲ್ಲ. ಬಟ್ಟೆ ದೂಡುವ ಹಲ್ಲುಗಳನ್ನು ಉಗುರಲ್ಲಿ ಮುಟ್ಟಿ ನೋಡಿ, ಚೂಪು ಇರಬೇಕು. ಆಮೇಲೆ ಹೊಸ ಸೂಜಿ ಹಾಕಿ, ಮೇಲೆ ಕೆಂಪು ದಾರ, ಬಾಬಿನ್‌ಗೆ ಬಿಳಿ ದಾರ ಹಾಕಿ ಹೊಲಿಯಿರಿ. ಬಟ್ಟೆ ನಿಮ್ಮದೇ ಇರಲಿ: ಎರಡು ಪದರ ಕಾಟನ್, ನಾಲ್ಕು ಮಡಿಕೆ, ಮತ್ತೆ ನೀವು ದಿನಾ ಹೊಲಿಯಬೇಕಾದ ಲೈನಿಂಗ್ ಇಟ್ಟ ರೇಷ್ಮೆ ತುಂಡು. ಕೆಂಪು ದಾರ ಅಡಿಗೆ ಇಣುಕಿದರೆ, ಬಿಳಿ ಮೇಲೆ ಬಂದರೆ ಟೆನ್ಷನ್, ಅಂದರೆ ದಾರದ ಬಿಗಿ, ಸರಿಯಿಲ್ಲ, ಅದು ತಿರುಪು ತಿರುಗಿಸಿ ಸರಿ ಮಾಡುವಂಥದ್ದು. ಆದರೆ ಎಷ್ಟು ಸರಿಮಾಡಿದರೂ ಮಧ್ಯೆ ಮಧ್ಯೆ ಹೊಲಿಗೆ ಬಿಟ್ಟು ಹೋಗುತ್ತಿದ್ದರೆ ಶಟಲ್ ನೋಡಿಸಬೇಕು. ಇದಕ್ಕೆ ಊರಿನ ಮಿಷನ್ ರಿಪೇರಿಯವರನ್ನು ಜೊತೆಗೆ ಕರೆದುಕೊಂಡು ಹೋಗಿ, ಅವರಿಗೆ ಕೊಡುವ ಸಣ್ಣ ಮೊತ್ತ ದಂಡವಲ್ಲ. ಸ್ಟ್ಯಾಂಡಿನ ಎರಕದ ಕಾಲುಗಳಲ್ಲಿ ಬಿರುಕಿದೆಯಾ ಅಂತಲೂ ನೋಡಿ. ಎರಕದ ಕಬ್ಬಿಣ ಒಡೆದರೆ ವೆಲ್ಡಿಂಗ್ ಸುಲಭದಲ್ಲಿ ನಿಲ್ಲುವುದಿಲ್ಲ.

ಬೆಲೆಗೆ ಬರೋಣ. ನಾನು ಯಾವತ್ತೂ ಹೊಸದರ ಬೆಲೆಯಿಂದ ಶುರು ಮಾಡುತ್ತೇನೆ. ಹೊಸದು 8,500. ಸವೆಯದೆ ಚೆನ್ನಾಗಿ ಹೊಲಿಯುವ ಸಿಂಗರ್ 15ಕ್ಕೆ ಅದರ ಶೇಕಡಾ 60, ಅಂದರೆ ಸುಮಾರು 5,100 ಕೊಡಬಹುದು. ಕಬ್ಬಿಣದ ಗುಣ, ಹೊಲಿಗೆಯ ನಯ ನೋಡಿ ಅಷ್ಟು ಹೇಳುತ್ತಿದ್ದೇನೆ. ಅದರಲ್ಲಿ ಬೆಲ್ಟು, ಬಾಬಿನ್ ಸುತ್ತುವ ಚಕ್ರದ ರಬ್ಬರು, ಸರ್ವಿಸಿಂಗ್ ಖರ್ಚು ಕಳೆಯಿರಿ. ಎಷ್ಟಾಗುತ್ತದೆ ಅಂತ ಜೊತೆಗೆ ಬಂದ ರಿಪೇರಿಯವರೇ ಹೇಳುತ್ತಾರೆ. ಕಳೆದು ಉಳಿದದ್ದಕ್ಕಿಂತ ಸ್ವಲ್ಪ ಕಡಿಮೆಗೆ ಮಾತು ಶುರು ಮಾಡಿ, ಆ ಉಳಿದ ಮೊತ್ತ ದಾಟಬೇಡಿ. ಅದಕ್ಕೆ ಒಪ್ಪದಿದ್ದರೆ ಹೊಸದನ್ನೇ ತಗೊಳ್ಳಿ, ಗ್ಯಾರಂಟಿ ಕಾರ್ಡಾದರೂ ಕೈಯಲ್ಲಿರುತ್ತದೆ. ಆನ್‌ಲೈನ್‌ನಲ್ಲಿ 20,000, 30,000 ಅಂತ ಹಾಕಿರುವುದನ್ನು ಅವರು ತೋರಿಸಬಹುದು. ಅದು ಕೇಳಿದ ಬೆಲೆ, ಮಾರಿಹೋದ ಬೆಲೆ ಅಲ್ಲ. ತಿಂಗಳುಗಟ್ಟಲೆ ಅದೇ ಜಾಹೀರಾತು ಅಲ್ಲೇ ಇದ್ದರೆ ಆ ಬೆಲೆಗೆ ಯಾರೂ ತಗೊಂಡಿಲ್ಲ ಅಂತ ಅರ್ಥ, ಅಲ್ವಾ?

ಇನ್ನೊಂದು ಮಾತು. ಹಳೇದಾಗಲಿ ಹೊಸದಾಗಲಿ, ಈ ಕಪ್ಪು ಮಿಷನ್ ನೇರ ಹೊಲಿಗೆಯದು ಮಾತ್ರ. ಸೀರೆಗೆ ಪಿಕೋ ಮಾಡಬೇಕಾದರೆ ಜಿಗ್‌ಜಾಗ್ ಮಿಷನ್ ಬೇಕು. ಸಾಲದಲ್ಲಿ ಸ್ವಲ್ಪ ಉಳಿಸಿಕೊಂಡರೆ ಮುಂದೆ ಅದಕ್ಕೆ ಆಗುತ್ತದೆ, ಒಂದೇ ಹಳೇ ಮಿಷನ್‌ಗೆ ಎಲ್ಲವನ್ನೂ ಸುರಿಯಬೇಡಿ.

ಪ್ರಶ್ನೆ: ಅಜ್ಜಿಯ ಸಿಂಗರ್ ಮಿಷನ್‌ಗೆ ಒಬ್ಬ ಬ್ರೋಕರ್ ‘ಹತ್ತು ಲಕ್ಷ ಕೊಡಿಸುತ್ತೇನೆ, ಸೂಜಿಯಲ್ಲಿ ಕೆಂಪು ಪಾದರಸ ಇದೆ, ಟೆಸ್ಟಿಂಗ್‌ಗೆ ಮೊದಲು 20,000 ಕಟ್ಟಿ’ ಅನ್ನುತ್ತಾನೆ. ನಿಜವೇ?
– ಓದುಗರು, ಶಿರಸಿ

ಉತ್ತರ: ಪೂರ್ತಿ ಸುಳ್ಳು. ಒಂದು ಪೈಸೆ ಕೊಡಬೇಡಿ. ಇದು ಹಳೇ ಗಾಳಿಸುದ್ದಿ. 2009ರಲ್ಲಿ ಸೌದಿ ಅರೇಬಿಯಾದಲ್ಲಿ ಇದೇ ಹಬ್ಬಿ, ಜನ ಹಳೇ ಸಿಂಗರ್‌ಗಳಿಗೆ ಮುಗಿಬಿದ್ದರು. ಒಂದೊಂದಕ್ಕೆ 2 ಲಕ್ಷ ರಿಯಾಲ್‌ವರೆಗೂ ಬೆಲೆ ಹೋಯಿತು. ಮೊಬೈಲ್ ಹತ್ತಿರ ಹಿಡಿದಾಗ ಲೈನ್ ಕಟ್ಟಾದರೆ ಪಾದರಸ ಇದೆ ಅಂತ ಪರೀಕ್ಷೆ ಬೇರೆ! ಹೊಲಿಗೆ ಮಿಷನ್ ಸೂಜಿ ಬರೀ ಉಕ್ಕು, ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಸಿಗುತ್ತದೆ, ನಿಮ್ಮ ಅಜ್ಜಿಯೇ ಎಷ್ಟು ಸಲ ಬದಲಾಯಿಸಿರುತ್ತಾರೋ. ಈಗಾಗಲೇ ಆನ್‌ಲೈನ್‌ನಲ್ಲಿ ದುಡ್ಡು ಹಾಕಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡಿ. ಮಿಷನ್‌ನ ನಿಜವಾದ ಬೆಲೆಗೆ ಮೇಲಿನ ಉತ್ತರ ನೋಡಿ.

ಪ್ರಶ್ನೆ: ನಮ್ಮ ತಂದೆ ಟೇಲರ್ ಆಗಿದ್ದರು. ಅವರ ಹಳೇ ಉಷಾ ಮಿಷನ್ ಈಗಲೂ ಓಡುತ್ತದೆ. ಹೋಟೆಲ್‌ಗೆ ಟೇಬಲ್ ಮಾಡಲು ಬರೀ ಸ್ಟ್ಯಾಂಡ್ ಸಾಕು, 3,000 ಕೊಡುತ್ತೇವೆ ಅನ್ನುತ್ತಿದ್ದಾರೆ. ಮೇಲಿನ ಹೊಲಿಯುವ ಭಾಗ, ಅಂದರೆ ಹೆಡ್ಡನ್ನು, ಗುಜರಿಗೆ ಹಾಕಿ ಅಂತಾರೆ. ಸರಿಯೇ?
– ಓದುಗರು, ಬಸವನಗುಡಿ, ಬೆಂಗಳೂರು

ಉತ್ತರ: ಬರೀ ಸ್ಟ್ಯಾಂಡಿಗೆ 3,000 ಕಡಿಮೆ ಬೆಲೆಯೇನಲ್ಲ. ಆದರೆ ಓಡುವ ಹೆಡ್ಡು ತೂಕಕ್ಕೆ ಹೋಗುವುದು ನನಗೆ ಸಂಕಟದ ವಿಷಯ, ಅದರಲ್ಲಿ ಇನ್ನೂ ಎಷ್ಟೋ ವರ್ಷದ ಹೊಲಿಗೆ ಉಳಿದಿದೆ. ಸ್ಟ್ಯಾಂಡ್ ಇಲ್ಲದ ಹೆಡ್ಡನ್ನು ಆಮೇಲೆ ಮಾರುವುದೂ ಕಷ್ಟ. ಬೆಂಗಳೂರಿನಲ್ಲಿ ಹೊಲಿಗೆ ಕಲಿತು ಮಿಷನ್‌ಗಾಗಿ ಕಾಯುತ್ತಿರುವ ಹೆಣ್ಣುಮಕ್ಕಳು ಬೇಕಾದಷ್ಟಿದ್ದಾರೆ. ಎರಡೂ ಸೇರಿ 4,000 ಅಂತ ಜಾಹೀರಾತು ಹಾಕಿ, ಜೊತೆಗೆ ಮಿಷನ್ ಹೊಲಿಯುತ್ತಿರುವ ಸಣ್ಣ ವಿಡಿಯೊ ಇರಲಿ, ಹತ್ತಿರದ ಹೊಲಿಗೆ ತರಬೇತಿ ಕೇಂದ್ರದಲ್ಲೂ ಹೇಳಿಡಿ. ಒಂದೆರಡು ತಿಂಗಳು ನೋಡಿ. ಯಾರೂ ಬರದಿದ್ದರೆ ಹೋಟೆಲ್‌ನವರಿಗೆ ಸ್ಟ್ಯಾಂಡ್ ಕೊಡಿ, ಹೆಡ್ಡನ್ನು ಮಾತ್ರ ಗುಜರಿಯವರಿಗಲ್ಲ, ಮಿಷನ್ ರಿಪೇರಿ ಮಾಡುವವರಿಗೆ ಕೊಡಿ. ಪಾರ್ಟುಗಳಾದರೂ ಬೇರೆ ಮಿಷನ್‌ಗಳಿಗೆ ಆಗುತ್ತವೆ.