ನೀರಿನ ಪರೀಕ್ಷೆ ಪಾಸಾದರೆ ಹಳ್ಳ ಜಲಚರಗಳಿಗೆ ಯೋಗ್ಯವೇ?

ಬನ್ನೇರುಘಟ್ಟದ ಕಡೆಯ ಹಳ್ಳದ ನೀರು ಲ್ಯಾಬ್‌ನಲ್ಲಿ ಪಾಸಾಗಿದೆ, ಅಷ್ಟರಿಂದಲೇ ಅದನ್ನು ಜಲಚರಗಳಿಗೆ ಯೋಗ್ಯ ಎಂದು ವರ್ಗೀಕರಿಸಬಹುದೇ ಎಂದು ಕೇಳಿದ್ದೀರಿ. ಆಗದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ‘ಡಿ’ ದರ್ಜೆ (ವನ್ಯಜೀವಿ, ಮೀನುಗಳಿಗೆ ತಕ್ಕ ನೀರು) ನೋಡುವುದು ನೀರನ್ನಷ್ಟೇ: ಪಿಎಚ್ 6.5ರಿಂದ 8.5, ಕರಗಿದ ಆಮ್ಲಜನಕ ಲೀಟರಿಗೆ ಕನಿಷ್ಠ 4 ಮಿ.ಗ್ರಾಂ, ಮುಕ್ತ ಅಮೋನಿಯಾ 1.2 ಮಿ.ಗ್ರಾಂ ಒಳಗೆ. ಕಾಂಕ್ರೀಟ್ ಹಾಕಿದ ರಾಜಕಾಲುವೆಯಲ್ಲಿ ಇಂಥ ನೀರು ಹರಿದರೂ ಮೀನಿಗೆ ಮೊಟ್ಟೆಯಿಡಲು, ಅಡಗಲು ಜಾಗವೆಲ್ಲಿ?

ಆವಾಸವನ್ನು, ಅಂದರೆ ಜಲಚರಗಳು ಬದುಕುವ ಜಾಗವನ್ನು, ಅಳೆಯಲು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಕ್ಷಿಪ್ರ ಜೈವಿಕ ಮೌಲ್ಯಮಾಪನ ಪದ್ಧತಿ ಬಳಸಿ. 10 ಅಂಶ, ತಲಾ 20 ಅಂಕ, ಒಟ್ಟು 200. ಸೇತುವೆಯಿಂದ ಕನಿಷ್ಠ 100 ಮೀಟರ್ ಮೇಲಕ್ಕೆ ಹೋಗಿ, 100 ಮೀಟರ್ ಉದ್ದದ ಭಾಗ ಆರಿಸಿ. ಸೇತುವೆಯ ಬುಡದಲ್ಲಿ ತಳವೂ ದಂಡೆಯೂ ಕೆದರಿರುತ್ತವೆ. ಜೋರು ಮಳೆಯಾದ ಮೇಲೆ ನೀರು ತಿಳಿಯಾಗುವವರೆಗೆ ಕಾಯಿರಿ, ತಳ ಕಾಣದೆ ಅಂಕ ಕೊಡಬಾರದು.

ಕಲ್ಲುತಳದ ಹಳ್ಳದಲ್ಲಿ ಎಲ್ಲಕ್ಕಿಂತ ಹೆಚ್ಚು ಹೇಳುವುದು ಕಲ್ಲು. ನೀರು ಜುಳುಜುಳು ಹರಿಯುವ ಕಡೆ ಮುಷ್ಟಿಗಾತ್ರದ ಕಲ್ಲನ್ನು ಮೆಲ್ಲಗೆ ಎತ್ತಿ ನೋಡಿ. ಮೇಲ್ಭಾಗ ಪಾಚಿ ಹಿಡಿದು ಕಪ್ಪಾಗಿರುತ್ತದೆ, ಹೂಳಲ್ಲಿ ಹೂತ ಭಾಗ ಬಿಳಚಿಕೊಂಡಿರುತ್ತದೆ. ನಡುವಿನ ಗೆರೆಯೇ ನಿಮ್ಮ ಅಳತೆಪಟ್ಟಿ. ಕಾಲುಭಾಗದೊಳಗೆ ಹೂತಿದ್ದರೆ 16ರಿಂದ 20, ಮುಕ್ಕಾಲು ದಾಟಿದರೆ 5ರೊಳಗೆ. ಒಂದೇ ಕಲ್ಲು ಸಾಲದು, ಹತ್ತಾರು ಎತ್ತಿ. ಲೇಔಟ್‌ಗೆ ಅಗೆದ ಮಣ್ಣು ಮಳೆಯಲ್ಲಿ ಬಂದು ಈ ಸಂದುಗಳನ್ನೇ ಮುಚ್ಚುತ್ತದೆ, ಹುಳುಗಳ ಮನೆಯೇ ಹೋಗುತ್ತದೆ.

ದಂಡೆಗೆ ಎಡ, ಬಲ ಬೇರೆಬೇರೆ, ತಲಾ 10. ಹೊಂಗೆ, ಹೊಳೆಮತ್ತಿಯಂಥ ಮರಗಳಿರುವ ಪಟ್ಟಿ 18 ಮೀಟರ್ ಮೀರಿದರೆ ಒಳ್ಳೆಯ ಅಂಕ.

ಬೆಂಗಳೂರಲ್ಲಿ ಎಡವುವುದು ‘ಹರಿವಿನ ಪ್ರಮಾಣ’ ಎಂಬ ಅಂಶದಲ್ಲಿ. ಬೇಸಿಗೆಯಲ್ಲೂ ದಂಡೆಯಿಂದ ದಂಡೆಗೆ ಹರಿಯುವುದು ಬಹುಪಾಲು ಚರಂಡಿ ನೀರು. ಅಂಕಪಟ್ಟಿಯ ಪ್ರಕಾರ ಅದಕ್ಕೆ ಪೂರ್ತಿ ಅಂಕ ಸಿಗುತ್ತದೆ! ಮೂಲ ಯಾವುದೆಂದು ಪಕ್ಕದಲ್ಲೇ ಬರೆದಿಡಿ.

ಒಟ್ಟು ಅಂಕವನ್ನು ಅದೇ ಸೀಮೆಯ, ಕಾಡೊಳಗಿನ ಕೆಡದ ಹಳ್ಳದೊಂದಿಗೆ ಹೋಲಿಸಿ. ಶೇ. 90 ಮೀರಿದರೆ ಸರಿಸಮ, 60ಕ್ಕಿಂತ ಕೆಳಗಿದ್ದರೆ ಜಲಚರಗಳಿಗೆ ಆಸರೆಯಾಗದ ಆವಾಸ. ಅಂಕ ಚೆನ್ನಾಗಿದ್ದೂ ಕಲ್ಲಡಿ ಮೇಫ್ಲೈ (ಒಳ್ಳೆಯ ನೀರಲ್ಲಷ್ಟೇ ಬಾಳುವ ಕೀಟ) ಮರಿಗಳು ಕಾಣದಿದ್ದರೆ ನೀರನ್ನೇ ಮತ್ತೆ ಶಂಕಿಸಿ, ಈ ಸಲ ಸೂರ್ಯ ಹುಟ್ಟುವ ಮುಂಚೆ ಆಮ್ಲಜನಕ ಅಳೆಯಿರಿ. ಮಧ್ಯಾಹ್ನ ಪಾಚಿಯೇ ಅದನ್ನು ಏರಿಸಿರುತ್ತದೆ.