ಕಾರ್ಡ್ ಗಂಡನದು, ಬಟನ್ ಒತ್ತಿದ್ದು ಹೆಂಡತಿ: ಜಾಕ್‌ಪಾಟ್ ಯಾರ ಲೆಕ್ಕಕ್ಕೆ?

ಅಮೆರಿಕದಲ್ಲಿರುವ ಓದುಗರಿಂದ, ಅಲ್ಲಿಗೆ ಮಕ್ಕಳ ಮನೆಗೆ ಹೋಗಿಬರುವ ಓದುಗರಿಂದ ಕ್ಯಾಸಿನೊ ಕಾರ್ಡ್ ಮತ್ತು ಜಾಕ್‌ಪಾಟ್ ಹಣದ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಲದ ಉತ್ತರಗಳು.

ಪ್ರಶ್ನೆ: ಲಾಸ್ ವೇಗಸ್‌ನಲ್ಲಿ ನಮ್ಮವರ ಪ್ಲೇಯರ್ಸ್ ಕಾರ್ಡ್ (ಆಡಿದಷ್ಟಕ್ಕೆ ಪಾಯಿಂಟ್ ಕೊಡುವ ಕ್ಯಾಸಿನೊ ಕಾರ್ಡ್) ಹಾಕಿಕೊಂಡು ಸ್ಲಾಟ್ ಮಷಿನ್ ಆಡುತ್ತಿದ್ದೆ. 2,640 ಡಾಲರ್ ಬಂತು. ಸಿಬ್ಬಂದಿ ನನ್ನ ಲೈಸೆನ್ಸ್ ಕೇಳಿ, ತೆರಿಗೆ ಫಾರ್ಮ್ ನನ್ನ ಹೆಸರಿಗೇ ಬರೆದರು. ಕಾರ್ಡ್ ಅವರದಲ್ಲವೇ? ಇದು ತಪ್ಪಲ್ಲವೇ? (ಫ್ರೀಮಾಂಟ್)

ತಪ್ಪಿಲ್ಲ, ಸರಿಯಾಗಿಯೇ ಬರೆದಿದ್ದಾರೆ. ಕಾರ್ಡ್ ಹೇಳುವುದು ಪಾಯಿಂಟ್ ಯಾರ ಖಾತೆಗೆ ಹೋಗಬೇಕು ಅನ್ನುವುದನ್ನು ಮಾತ್ರ. ಗೆದ್ದವರು ಯಾರು ಅನ್ನುವುದನ್ನು ಕ್ಯಾಸಿನೊಗಳು ಬಟನ್ ಒತ್ತಿದ ಕೈ ನೋಡಿ ತೀರ್ಮಾನಿಸುತ್ತವೆ. ನೋಟು ಹಾಕಿದವರು ಯಾರು ಎಂಬುದೂ ಲೆಕ್ಕಕ್ಕೆ ಬರುವುದಿಲ್ಲ. 2017ರಲ್ಲಿ ಫ್ಲಾರಿಡಾದಲ್ಲಿ ಒಬ್ಬರು ತಮ್ಮ ಹಣ ಹಾಕಿ, ಅದೃಷ್ಟ ನೋಡೋಣ ಎಂದು ಗೆಳತಿಯಿಂದ ಬಟನ್ ಒತ್ತಿಸಿದರು. ಬಂದ 1 ಲಕ್ಷ ಡಾಲರ್ ಆ ಗೆಳತಿಗೇ ಸಂದಾಯವಾಯಿತು.

ಜಾಕ್‌ಪಾಟ್ ಬಿದ್ದಾಗ ಆಗುವುದು ಇಷ್ಟು. ಮಷಿನ್ ನೆತ್ತಿಯ ದೀಪ ಮಿನುಗುತ್ತದೆ, ಆಟ ನಿಂತುಬಿಡುತ್ತದೆ, ಮುಂದಿನ ಯಾವ ಬಟನ್ನೂ ಕೆಲಸ ಮಾಡುವುದಿಲ್ಲ. ಇದನ್ನು ‘ಹ್ಯಾಂಡ್ ಪೇ’ ಎನ್ನುತ್ತಾರೆ, ಅಂದರೆ ಹಣವನ್ನು ಸಿಬ್ಬಂದಿಯೇ ತಂದು ಕೈಗೆ ಕೊಡಬೇಕು. ಸಿಬ್ಬಂದಿ ಬಂದು ಪರದೆ ನೋಡಿ, ಫೋಟೊ ಇರುವ ಗುರುತಿನ ಚೀಟಿ ಮತ್ತು ಸೋಷಿಯಲ್ ಸೆಕ್ಯುರಿಟಿ ನಂಬರ್ ಕೇಳುತ್ತಾರೆ. ಮಷಿನ್‌ನಲ್ಲಿರುವ ಕಾರ್ಡಿನ ಹೆಸರಿಗೂ ನಿಮ್ಮ ಲೈಸೆನ್ಸಿಗೂ ತಾಳೆಯಾಗದಿದ್ದರೆ ‘ಆಡಿದ್ದು ಯಾರು?’ ಎಂದು ಕೇಳಿಯೇ ಕೇಳುತ್ತಾರೆ. ಅನುಮಾನ ಬಂದರೆ ಮೇಲಿನ ಕ್ಯಾಮೆರಾದಲ್ಲಿ ಒತ್ತಿದವರು ಕಾಣುತ್ತಾರೆ. ಹಾಗಾಗಿ ಒತ್ತಿದವರು ಕುರ್ಚಿ ಬಿಟ್ಟು ಏಳಬೇಡಿ. ‘ಅವರ ಸಂಬಳ ಕಡಿಮೆ, ಅವರ ಹೆಸರಲ್ಲಿ ಬರೆಸೋಣ’ ಎಂದು ಜಾಗ ಬದಲಿಸಿ ಸುಳ್ಳು ಹೇಳುವುದಂತೂ ಬೇಡವೇ ಬೇಡ. ತೆರಿಗೆ ದಾಖಲೆಗೆ ಸುಳ್ಳು ಹೆಸರು ಕೊಟ್ಟಂತಾಗುತ್ತದೆ, ಪಾಯಿಂಟ್ ಖಾತೆಯನ್ನೂ ಮುಚ್ಚಿಬಿಡಬಹುದು.

ಆ ಫಾರ್ಮಿನ ಹೆಸರು ಡಬ್ಲ್ಯು-2ಜಿ. 1977ರಿಂದ ಸ್ಲಾಟ್ ಗೆಲುವು 1,200 ಡಾಲರ್ ಮುಟ್ಟಿದರೆ ಇದನ್ನು ಬರೆಯುತ್ತಿದ್ದರು. 2026ರ ಜನವರಿಯಿಂದ ಮಿತಿ 2,000 ಡಾಲರ್ ಆಗಿದೆ. ಮಿತಿಗಿಂತ ಕಡಿಮೆ ಗೆದ್ದರೆ ಫಾರ್ಮ್ ಬರುವುದಿಲ್ಲ ಅಷ್ಟೆ, ತೆರಿಗೆ ಮಾಫಿ ಎಂದೇನಲ್ಲ. ನಂಬರ್ ಕೊಡದಿದ್ದರೆ 24% ಅಲ್ಲೇ ಹಿಡಿದುಕೊಳ್ಳುತ್ತಾರೆ. ಎಚ್-4 ವೀಸಾದಲ್ಲಿರುವವರಿಗೆ (ಎಚ್-1ಬಿ ನೌಕರರ ಸಂಗಾತಿ, ಮಕ್ಕಳಿಗೆ) ಸೋಷಿಯಲ್ ಸೆಕ್ಯುರಿಟಿ ನಂಬರ್ ಇಲ್ಲದಿದ್ದರೆ ಐಟಿಐಎನ್ (ಅಮೆರಿಕದ ತೆರಿಗೆ ಇಲಾಖೆ ಕೊಡುವ ತೆರಿಗೆದಾರರ ಸಂಖ್ಯೆ) ಸಾಕು. ಆದರೆ ಮೂರು ವರ್ಷ ಸತತವಾಗಿ ಯಾವ ರಿಟರ್ನ್‌ನಲ್ಲೂ ಬಳಸದ ಐಟಿಐಎನ್ ಅವಧಿ ಮುಗಿದುಹೋಗಿರುತ್ತದೆ. ಹೊರಡುವ ಮುಂಚೆಯೇ ಒಮ್ಮೆ ನೋಡಿಕೊಳ್ಳಿ.

ನೀವಿಬ್ಬರೂ ಜಂಟಿ ರಿಟರ್ನ್ ಹಾಕುವವರಾದರೆ ಫಾರ್ಮ್ ಯಾರ ಹೆಸರಲ್ಲಿದ್ದರೂ ಒಂದೇ. ಬೇರೆ ಬೇರೆ ಹಾಕುವವರು ಮಾತ್ರ ಎಚ್ಚರವಾಗಿರಬೇಕು. ಕ್ಯಾಲಿಫೋರ್ನಿಯಾ, ಟೆಕ್ಸಸ್, ನೆವಾಡಾ, ಅರಿಜೋನಾ, ವಾಷಿಂಗ್ಟನ್‌ನಂಥ ರಾಜ್ಯಗಳಲ್ಲಿ ಮದುವೆಯ ನಂತರದ ಗಳಿಕೆ ಇಬ್ಬರದ್ದೂ ಸಮಪಾಲು, ಜಾಕ್‌ಪಾಟ್ ಕೂಡ. ನೀವು ಕ್ಯಾಲಿಫೋರ್ನಿಯಾದವರಾದ್ದರಿಂದ, ಬೇರೆಬೇರೆ ರಿಟರ್ನ್ ಹಾಕಿದರೆ ತಲಾ 1,320 ಡಾಲರ್ ತೋರಿಸಬೇಕು.

ಪ್ರಶ್ನೆ: ನಾಲ್ವರು ಗೆಳೆಯರು ಸೇರಿ ಹಣ ಹಾಕಿ ಆಡಿದೆವು. ಗೆಲುವು ಒಬ್ಬನ ಹೆಸರಿಗೆ ಹೋದರೆ ತೆರಿಗೆಯೂ ಅವನೊಬ್ಬನದೇ? (ಡಲ್ಲಾಸ್)

ಹಣ ಕೈಗೆ ಬರುವ ಮೊದಲೇ ಫಾರ್ಮ್ 5754 ಕೇಳಿ. ಅದರಲ್ಲಿ ನಾಲ್ವರ ಹೆಸರು, ನಂಬರ್, ಪಾಲು ಬರೆದುಕೊಟ್ಟರೆ ಕ್ಯಾಸಿನೊ ಒಬ್ಬೊಬ್ಬರಿಗೂ ಪ್ರತ್ಯೇಕ ಡಬ್ಲ್ಯು-2ಜಿ ಕೊಡಬಹುದು. ಪಾಲುದಾರಿಕೆ ಆಟಕ್ಕೆ ಮುಂಚೆಯೇ ಮಾತಾಗಿರಬೇಕು. ಗೆದ್ದ ಮೇಲೆ ಹುಟ್ಟಿದ ಪಾಲು ಇದರಡಿ ಬರುವುದಿಲ್ಲ.

ಪ್ರಶ್ನೆ: ದಂಪತಿ ಒಂದೇ ಖಾತೆಯ ಎರಡು ಕಾರ್ಡ್ ಇಟ್ಟುಕೊಳ್ಳುವುದು ಲಾಭವೋ, ಇಬ್ಬರಿಗೂ ಬೇರೆ ಬೇರೆ ಖಾತೆ ಲಾಭವೋ? (ನ್ಯೂಜೆರ್ಸಿ)

ಮೊದಲು ಕೌಂಟರಿನಲ್ಲಿ ಆ ಕ್ಯಾಸಿನೊದ ನಿಯಮ ಕೇಳಿ. ಕೆಲವೆಡೆ ಸಂಗಾತಿಗೆ ಅದೇ ಖಾತೆಯ ಕಾರ್ಡ್ ಕೊಡುತ್ತಾರೆ. ಇನ್ನು ಕೆಲವೆಡೆ ಇನ್ನೊಬ್ಬರ ಕಾರ್ಡ್ ಬಳಸುವುದೇ ನಿಷಿದ್ಧ, ಸಿಕ್ಕಿಬಿದ್ದರೆ ಪಾಯಿಂಟ್ ಎಲ್ಲ ಸೊನ್ನೆ.

ಒಪ್ಪುವ ಕಡೆ ಲೆಕ್ಕ ಹೀಗಿದೆ. ಮೇಲಿನ ದರ್ಜೆ ಏರಬೇಕಾದರೆ ಒಂದೇ ಖಾತೆ ಬೇಗ ಏರುತ್ತದೆ. ಸೀಸರ್ಸ್ ಕ್ಯಾಸಿನೊಗಳ ಕಾರ್ಡ್ ಯೋಜನೆಯಾದ ಸೀಸರ್ಸ್ ರಿವಾರ್ಡ್ಸ್‌ನಲ್ಲಿ, ಸ್ಲಾಟ್‌ನಲ್ಲಿ 5 ಡಾಲರ್ ಆಡಿದರೆ ಒಂದು ಟಿಯರ್ ಕ್ರೆಡಿಟ್ (ದರ್ಜೆ ಏರಿಸುವ ಅಂಕ), ವಿಡಿಯೊ ಪೋಕರ್‌ನಲ್ಲಿ 10 ಡಾಲರಿಗೆ ಒಂದು. ಡೈಮಂಡ್ ದರ್ಜೆಗೆ ವರ್ಷಕ್ಕೆ 15,000 ಬೇಕು. ಅಂದರೆ ಸ್ಲಾಟ್‌ನಲ್ಲೇ 75,000 ಡಾಲರ್ ಆಡಬೇಕು (ಒಂದೇ ನೋಟು ಮತ್ತೆ ಮತ್ತೆ ತಿರುಗಿದ್ದೂ ಸೇರಿ). ಉಚಿತ ಪಾರ್ಕಿಂಗಿಗೋ ಊಟಕ್ಕೆ ಬೇಗ ಬಿಡುವ ಸಾಲಿಗೋ ಆಸೆಪಟ್ಟು ಈ ಮೊತ್ತ ಬೆನ್ನಟ್ಟುವುದು ನಷ್ಟದ ವ್ಯಾಪಾರ, ಇದನ್ನು ನೇರವಾಗಿಯೇ ಹೇಳುತ್ತೇವೆ.

ಉಚಿತ ರೂಮು, ಫ್ರೀ ಪ್ಲೇ (ಕ್ಯಾಸಿನೊ ಕೊಡುವ ಪುಕ್ಕಟೆ ಆಟದ ಮೊತ್ತ) ಇವುಗಳ ಲೆಕ್ಕ ಬೇರೆ. ಕ್ಯಾಸಿನೊ ನೋಡುವುದು ನೀವು ದಿನಕ್ಕೆ ಸರಾಸರಿ ಎಷ್ಟು ಸೋಲಬೇಕಿತ್ತು ಅನ್ನುವುದನ್ನು, ನಿಜವಾಗಿ ಎಷ್ಟು ಸೋತಿರಿ ಅನ್ನುವುದನ್ನಲ್ಲ. 10% ಉಳಿಸಿಕೊಳ್ಳುವ ಮಷಿನ್‌ನಲ್ಲಿ ಹೆಂಡತಿ ಸಂಜೆಯೊಳಗೆ 2,000 ಡಾಲರ್ ತಿರುಗಿಸಿದರೆ ಲೆಕ್ಕದ ಸೋಲು 200. ಗಂಡ ಅದೇ ಖಾತೆಯಲ್ಲಿ ಇನ್ನೊಂದು 100 ಲೆಕ್ಕದ ಸೋಲು ಸೇರಿಸಿದರೆ ದಿನದ ಅಂಕಿ 300. ಮರುದಿನ ಗಂಡ ಒಬ್ಬರೇ ಬಂದು, ಕಾರ್ಡ್ ಹಾಕಿ ಲೆಕ್ಕದ ಸೋಲು 20 ಡಾಲರ್ ಆಗುವಷ್ಟು ಮಾತ್ರ ಆಡಿ ಎದ್ದರೆ ಸರಾಸರಿ 160ಕ್ಕೆ ಇಳಿಯುತ್ತದೆ, ಮುಂದಿನ ಆಫರ್ ಬಡವಾಗುತ್ತದೆ. ಜಂಟಿ ಖಾತೆಯವರು ಎಡವುವುದು ಹೆಚ್ಚಾಗಿ ಇಲ್ಲೇ. ಚಿಕ್ಕದಾಗಿ ಆಡುವ ದಿನ ಕಾರ್ಡ್ ಜೇಬಿನಲ್ಲೇ ಇರಲಿ. ಇಬ್ಬರೂ ಸುಮಾರು ಒಂದೇ ಮಟ್ಟದಲ್ಲಿ ಆಡುವವರಾದರೆ ಬೇರೆ ಬೇರೆ ಖಾತೆಯೇ ಒಳ್ಳೆಯದು: ಒಂದು ರಾತ್ರಿ ಅವರ ಹೆಸರಲ್ಲಿ ರೂಮು, ಇನ್ನೊಂದು ರಾತ್ರಿ ಇವರ ಹೆಸರಲ್ಲಿ. ಬಹುಮಾನದ ಡ್ರಾ ಇದ್ದರೆ ಖಾತೆದಾರರೇ ಗುರುತಿನ ಚೀಟಿಯೊಂದಿಗೆ ಎದುರಿಗೆ ಇರಬೇಕು, ಹೆಂಡತಿಯ ಪರವಾಗಿ ಗಂಡ ಹೋದರೆ ನಡೆಯದು.

ಇನ್ನೊಂದು ತೊಡಕು ವರ್ಷದ ಕೊನೆಯದು. ‘ವಿನ್-ಲಾಸ್’ ಪತ್ರ (ಕಾರ್ಡ್ ಹಾಕಿ ಆಡಿದ್ದರಲ್ಲಿ ಗೆದ್ದದ್ದು, ಸೋತದ್ದರ ಲೆಕ್ಕ) ಖಾತೆದಾರರ ಹೆಸರಲ್ಲಿ ಬರುತ್ತದೆ. ಗೆಲುವಿನ ಡಬ್ಲ್ಯು-2ಜಿ ಹೆಂಡತಿಯ ಹೆಸರಲ್ಲಿ, ಸೋಲೆಲ್ಲ ಗಂಡನ ಖಾತೆಯಲ್ಲಿದ್ದರೆ ಬೇರೆಬೇರೆ ರಿಟರ್ನ್ ಹಾಕುವವರಿಗೆ ಯಾರ ಸೋಲು ಯಾರದೆಂದು ತೋರಿಸುವುದೇ ಕಷ್ಟ. ಒಂದು ಸಣ್ಣ ನೋಟ್‌ಬುಕ್ ಇಡಿ: ತಾರೀಖು, ಕ್ಯಾಸಿನೊ ಹೆಸರು, ಊರು, ಆಟ, ಜೊತೆಗಿದ್ದವರು, ಗೆದ್ದದ್ದು, ಸೋತದ್ದು. ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್ ನೋಡುವುದು ಇಂಥ ದಿನಚರಿಯನ್ನು, ಕ್ಯಾಸಿನೊ ಪತ್ರವೊಂದೇ ಸಾಲದು.

ಪ್ರಶ್ನೆ: ವರ್ಷದಲ್ಲಿ 10,000 ಗೆದ್ದು 10,000 ಸೋತೆವು. ಲೆಕ್ಕ ಸೊನ್ನೆ ತಾನೆ? (ಸಿಯಾಟಲ್)

ಮನೆಯ ಲೆಕ್ಕದಲ್ಲಿ ಸೊನ್ನೆ, ರಿಟರ್ನ್‌ನಲ್ಲಿ ಅಲ್ಲ. ಪೂರ್ತಿ 10,000ವನ್ನು ಶೆಡ್ಯೂಲ್ 1ರಲ್ಲಿ ಆದಾಯವೆಂದು ತೋರಿಸಬೇಕು. ಸೋಲು ಕಳೆಯಬೇಕಾದರೆ ವಿನಾಯಿತಿಗಳನ್ನು ಒಂದೊಂದಾಗಿ ಬರೆಯುವ ಶೆಡ್ಯೂಲ್ ಎ ತುಂಬಬೇಕು. 2026ನೇ ತೆರಿಗೆ ವರ್ಷದಿಂದ ಸೋಲಿನ 90% ಮಾತ್ರ ಕಳೆಯಲು ಸಾಧ್ಯ, ಅಂದರೆ 9,000. ನಿಮ್ಮ ಮನೆಸಾಲದ ಬಡ್ಡಿ, ದಾನ ಇತ್ಯಾದಿ ಸೇರಿ 18,000 ಇದ್ದರೆ ಒಟ್ಟು 27,000 ಆಯಿತು. ಆದರೆ 2026ಕ್ಕೆ ಜಂಟಿ ರಿಟರ್ನ್ ಹಾಕುವ ದಂಪತಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ (ಪಟ್ಟಿ ಕೊಡದೆಯೇ ಸಿಗುವ ನಿಗದಿತ ವಿನಾಯಿತಿ) 32,200 ಡಾಲರ್, ಅದೇ ದೊಡ್ಡದು. ಅದನ್ನು ಆರಿಸಿಕೊಂಡರೆ ಸೋಲಿಗೆ ಬಿಡಿಗಾಸಿನ ವಿನಾಯಿತಿಯೂ ಇಲ್ಲ, 10,000ಕ್ಕೂ ತೆರಿಗೆ.

ಪ್ರಶ್ನೆ: ಮೈಸೂರಿನಿಂದ ಬಂದಿದ್ದ ಅತ್ತೆ ನನ್ನ ಕಾರ್ಡ್ ಹಾಕಿ ಆಡಿ 3,000 ಡಾಲರ್ ಗೆದ್ದರು. ಕೈಗೆ ಕೊಟ್ಟಿದ್ದು 2,100 ಮಾತ್ರ. ಉಳಿದದ್ದು ವಾಪಸ್ ಬರುತ್ತದೆಯೇ? (ಸ್ಯಾನ್ ಹೋಸೆ)

ಬರುವುದಿಲ್ಲ. ಪ್ರವಾಸಿ ವೀಸಾದವರಿಗೆ ಡಬ್ಲ್ಯು-2ಜಿ ಬದಲು 1042-ಎಸ್ ಕೊಟ್ಟು 30% ಹಿಡಿಯುತ್ತಾರೆ. ಕೆಲವು ದೇಶಗಳವರಿಗೆ ಒಪ್ಪಂದದ ಪ್ರಕಾರ ಇದರಿಂದ ಬಿಡುಗಡೆ ಇದೆ, ಭಾರತಕ್ಕಿಲ್ಲ. ಅವರು ಸೋತದ್ದನ್ನು ಕಳೆಯಲೂ ಬರುವುದಿಲ್ಲ. ಬ್ಲ್ಯಾಕ್‌ಜಾಕ್, ಬಕಾರಾ, ಕ್ರಾಪ್ಸ್, ರೂಲೆಟ್, ಬಿಗ್-6 ಚಕ್ರದಂಥ ಟೇಬಲ್ ಆಟಗಳ ಗೆಲುವಿಗೆ ವಿದೇಶಿಯರಿಗೆ ಈ ತೆರಿಗೆ ಇಲ್ಲ.

ಆ 1042-ಎಸ್ ಕಾಗದ ಎಸೆಯಬೇಡಿ. ಅತ್ತೆ ಭಾರತದ ನಿವಾಸಿಯಾದ್ದರಿಂದ ಅಲ್ಲಿನ ರಿಟರ್ನ್‌ನಲ್ಲೂ ಈ ಗೆಲುವು ತೋರಿಸಬೇಕು. ಅಲ್ಲಿ 30% ಮತ್ತು ಅದರ ಮೇಲೆ 4% ಸೆಸ್, ಒಟ್ಟು 31.2%. ಅಮೆರಿಕದಲ್ಲಿ ಕಟ್ಟಿದ್ದಕ್ಕೆ ವಿದೇಶಿ ತೆರಿಗೆ ಕ್ರೆಡಿಟ್ ಕೇಳಿದರೆ ಉಳಿಯುವ ಬಾಕಿ 36 ಡಾಲರಿನಷ್ಟು ರೂಪಾಯಿ ಮಾತ್ರ. ಕೇಳದಿದ್ದರೆ ಎರಡು ಕಡೆಯೂ ಪೂರ್ತಿ ಕಟ್ಟಿದಂತೆ.

ಎಚ್-1ಬಿ ಓದುಗರಿಗೂ ಒಂದು ಮಾತು. ಭಾರತದ ಪಾಸ್‌ಪೋರ್ಟ್ ತೋರಿಸಿದರೆ ಸಿಬ್ಬಂದಿ ನಿಮ್ಮನ್ನೂ ಪ್ರವಾಸಿ ಎಂದುಕೊಂಡು 30% ಹಿಡಿಯಬಹುದು. ಅಮೆರಿಕದಲ್ಲಿದ್ದ ದಿನಗಳ ಲೆಕ್ಕದಲ್ಲಿ ತೆರಿಗೆ ಮಟ್ಟಿಗೆ ನಿವಾಸಿಯಾಗಿದ್ದರೆ ಲೈಸೆನ್ಸ್ ತೋರಿಸಿ, ಡಬ್ಲ್ಯು-9 (ತೆರಿಗೆ ನಿವಾಸಿ ತನ್ನ ನಂಬರ್ ಕೊಡುವ ಫಾರ್ಮ್) ಬರೆದುಕೊಡುತ್ತೇನೆ ಎಂದು ಹಣ ಎಣಿಸುವ ಮೊದಲೇ ಹೇಳಿ.

ಪ್ರಶ್ನೆ: ನಮ್ಮವರು ಜೂಜು ಬಿಡಲೆಂದು ನ್ಯೂಜೆರ್ಸಿಯ ಸ್ವಯಂ-ನಿಷೇಧ ಪಟ್ಟಿಗೆ ಹೆಸರು ಕೊಟ್ಟಿದ್ದರು. ಈಗ ನನ್ನ ಕಾರ್ಡ್ ತೆಗೆದುಕೊಂಡು ಹೋಗುತ್ತಿದ್ದಾರೆ. (ಹೆಸರು ಬೇಡ)

ಇಂದೇ ಕಾರ್ಡ್ ರದ್ದು ಮಾಡಿಸಿ, ಪಿನ್ ಬದಲಿಸಿ. ಆ ಪಟ್ಟಿಯಲ್ಲಿರುವವರು ಗೆದ್ದರೂ ಹಣ ಸಿಗುವುದಿಲ್ಲ, ಮುಟ್ಟುಗೋಲಾಗುತ್ತದೆ. ಸೋತದ್ದು ಮಾತ್ರ ಸೋತದ್ದೇ. ಅಂದರೆ ಅವರು ಕೂರುವ ಪ್ರತಿ ಮಷಿನ್ ಮುಂದೆಯೂ ಸೋಲು ಮಾತ್ರ ಸಾಧ್ಯ. ಸಿಟ್ಟಿಲ್ಲದ ಹೊತ್ತು ನೋಡಿ ಇದನ್ನು ಅವರಿಗೆ ಹೇಳಿ. 1-800-426-2537 ಸಹಾಯವಾಣಿಗೆ ಮನೆಯವರೂ ಕರೆ ಮಾಡಬಹುದು. ನಿಮ್ಮ ಖಾತೆಯ ವಿನ್-ಲಾಸ್ ಪತ್ರ ನೀವೇ ತರಿಸಿಕೊಳ್ಳಬಹುದು, ಎಷ್ಟು ಹೋಗಿದೆ ಎಂಬುದು ಅದರಲ್ಲಿ ಕಾಣುತ್ತದೆ. ಅವರ ಖಾತೆಯದ್ದು ಅವರ ಸಹಿ ಇಲ್ಲದೆ ಕೊಡುವುದಿಲ್ಲ.

ಪ್ರಶ್ನೆ: ಟೇಬಲ್‌ನಲ್ಲಿ ಗೆದ್ದ 14,000 ಡಾಲರಿನ ಚಿಪ್ಸನ್ನು 7,000ದಂತೆ ಇಬ್ಬರೂ ಬೇರೆಬೇರೆ ಕೌಂಟರಿನಲ್ಲಿ ನಗದು ಮಾಡಿಸಿದರೆ ರಿಪೋರ್ಟ್ ತಪ್ಪುತ್ತದಂತೆ? (ಅಟ್ಲಾಂಟಾ)

ಒಂದು ದಿನದಲ್ಲಿ 10,000 ಡಾಲರ್ ದಾಟಿದ ನಗದಿಗೆ ಕ್ಯಾಸಿನೊ ಸರ್ಕಾರಕ್ಕೆ ವರದಿ ಕಳಿಸುತ್ತದೆ. ಆ ವರದಿಯಿಂದ ನಿಮಗೆ ಯಾವ ದಂಡವೂ ಇಲ್ಲ. ಅದನ್ನು ತಪ್ಪಿಸಲೆಂದು ಮೊತ್ತ ಒಡೆಯುವುದೇ ಅಪರಾಧ, ಹಣ ಪೂರ್ತಿ ನ್ಯಾಯವಾದದ್ದಾದರೂ ಸರಿ. ಗೆದ್ದವರೇ ಹೋಗಿ ಒಟ್ಟಿಗೆ ಕೊಡಿ, ಚೆಕ್ ಕೇಳಿ. ನೋಟುಗಳನ್ನೇ ಊರಿಗೆ ಒಯ್ಯುವುದಾದರೆ 10,000 ಮೀರಿದಾಗ ಅಮೆರಿಕ ಬಿಡುವಾಗ ಫಿನ್‌ಸೆನ್ 105 ಎಂಬ ನಗದು ಘೋಷಣೆಯ ಫಾರ್ಮ್ ತುಂಬಬೇಕು. ಭಾರತದಲ್ಲಿ ಇಳಿದಾಗ ನೋಟು 5,000 ಡಾಲರ್ ದಾಟಿದ್ದರೆ ಕಸ್ಟಮ್ಸ್‌ನ ರೆಡ್ ಚಾನೆಲ್‌ನಲ್ಲಿ ಕರೆನ್ಸಿ ಘೋಷಣಾ ಪತ್ರ ಕೊಡಬೇಕು.